ಮನೆಗೆ ತಕ್ಕ ನಾಯಿ

ನಮ್ಮಣ್ಣ ಏಣಿ ಕಾರ್ಖಾನೆಯಲ್ಲಿ ಪರೀಕ್ಷಾ ವಿಭಾಗದ ಮುಖ್ಯಸ್ಥ. ಬೆನ್ನ ಹಿಂದೆ ಅವನನ್ನು ಎಲ್ಲರೂ ‘ಮುರಿಯೋ ಸಾಹೇಬ್ರು’ ಅನ್ನುತ್ತಾರೆ. ತಯಾರಾದ ಏಣಿಗಳ ಪ್ರತಿ ಬ್ಯಾಚಿನಿಂದ ಒಂದನ್ನು ಅವನ ಕೋಣೆಗೆ ಹೊತ್ತು ತರುತ್ತಾರೆ. ಕೆಲಸದವರು ಅದಕ್ಕೆ ಕಬ್ಬಿಣದ ಗುಂಡು ನೇತುಹಾಕುತ್ತಾರೆ. ತಡೆದುಕೊಂಡರೆ ಇನ್ನೊಂದು ಗುಂಡು, ಅದನ್ನೂ ತಡೆದುಕೊಂಡರೆ ಮತ್ತೊಂದು. ಅಣ್ಣ ಕೈಕಟ್ಟಿ ನಿಂತು ನೋಡುತ್ತಾನೆ. ಆ ಕೋಣೆಗೆ ಹೋದ ಏಣಿ ಇಡಿಯಾಗಿ ಹೊರಗೆ ಬಂದದ್ದಿಲ್ಲ, ಯಾಕೆಂದರೆ ಮುರಿಯುವ ತನಕ ಅಲ್ಲಿ ಪರೀಕ್ಷೆ ಮುಗಿಯುವುದಿಲ್ಲ. ಏಣಿಯ ಮಟ್ಟಿಗೆ ಅದು ನ್ಯಾಯವೇ. ಜನ ಹತ್ತುವ ವಸ್ತು, ನಡುವೆ ಕೈಕೊಟ್ಟರೆ ಹತ್ತಿದವನ ಸೊಂಟ ಹೋಗುತ್ತದೆ. ಸಂಜೆ ಬಾಗಿಲು ಹಾಕುವಾಗ ಅವನು ಆ ಕೋಣೆಯನ್ನು ಕಾರ್ಖಾನೆಯಲ್ಲೇ ಬಿಟ್ಟು ಬರುತ್ತಿದ್ದರೆ ನನಗೆ ಈ ಕತೆ ಹೇಳುವ ಕರ್ಮ ಇರುತ್ತಿರಲಿಲ್ಲ.

ನಾನು ಅವನ ತಂಗಿ. ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ ನನ್ನದು, ಇರುವುದು ಅಣ್ಣನ ಮನೆಯ ಮಹಡಿ ಕೋಣೆಯಲ್ಲಿ. ಮದುವೆ ಯಾಕಾಗಲಿಲ್ಲ ಎಂದು ಕೇಳುವವರಿಗೆ ಅಣ್ಣನನ್ನು ತೋರಿಸುತ್ತೇನೆ. ನನ್ನನ್ನು ಮೆಚ್ಚಿ ಬಂದ ಒಬ್ಬನನ್ನು ಅವನು ಮಧ್ಯಾಹ್ನವಿಡೀ ಗೇಟಿನ ಹೊರಗೆ ಬಿಸಿಲಿನಲ್ಲಿ ಕಾಯಿಸಿದ. ಬಂದವನು ಕಾದ. ಒಳಗೆ ಬಂದಾಗ ಅಣ್ಣ ಬೇಕೆಂದೇ ಹೆಸರು ತಪ್ಪು ಹೇಳಿ ಕರೆದ, ಅದಕ್ಕೂ ಆ ಮನುಷ್ಯ ನಕ್ಕ. ಅಣ್ಣ ಅವನ ಮೇಲಧಿಕಾರಿಗೆ ಫೋನು ಮಾಡಿ ಇಲ್ಲದ್ದೆಲ್ಲಾ ವಿಚಾರಿಸಿದ, ಅವನು ಅದನ್ನೂ ನುಂಗಿಕೊಂಡ. ಕೊನೆಗೆ ಅಣ್ಣ ನನ್ನನ್ನು ಕರೆದು, ಇಷ್ಟೆಲ್ಲಾ ಸಹಿಸಿಕೊಳ್ಳುವವನಲ್ಲಿ ಏನೋ ಐಬು ಇರಲೇಬೇಕು ಎಂದು ತೀರ್ಪು ಕೊಟ್ಟ. ಹೋಗುವಾಗ ಆ ಮನುಷ್ಯ ನನ್ನ ಕಡೆಗೂ ತಿರುಗಿ ನೋಡಲಿಲ್ಲ, ಪಾಪ.

ಇಂಥ ಮನೆಯಲ್ಲಿ ನಮ್ಮ ಪುಟ್ಟಿಗೆ ನಾಯಿ ಬೇಕಾಯಿತು. ಅವಳು ಅಣ್ಣನ ಒಬ್ಬಳೇ ಮಗಳು, ಮೂರನೇ ಕ್ಲಾಸು. ಹಟ ಮಾಡುವ ಹುಡುಗಿಯಲ್ಲ, ಅದಕ್ಕೇ ಬೇಡವೆನ್ನುವುದು ಅವಳಪ್ಪನಿಗೂ ಕಷ್ಟವಾಯಿತು. ಅತ್ತಿಗೆಗೆ ಸಣ್ಣ ನಾಯಿ ಸಾಕು ಎನ್ನಿಸಿತ್ತು. ಅಣ್ಣ ಪುಸ್ತಕ ತರಿಸಿ ಓದಿದ, ನಾಯಿ ಸಾಕಿದವರನ್ನೆಲ್ಲಾ ಹಿಡಿದು ವಿಚಾರಿಸಿದ. ಎಲ್ಲರೂ ಹೇಳಿದ್ದು ಒಂದೇ: ಮಕ್ಕಳಿರುವ ಮನೆಗೆ ರಿಟ್ರೀವರ್‌ನಂಥ ನಾಯಿ ಇನ್ನೊಂದಿಲ್ಲ, ಗುಣದಲ್ಲಿ ಹಸು, ಯಾರ ಮೈಮೇಲೂ ಬೀಳುವುದಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು ಅಣ್ಣ, ಪ್ರತಿ ಏಣಿಯ ಮೇಲೂ ಇಷ್ಟು ಭಾರ ತಡೆಯುತ್ತದೆ ಎಂದು ಬರೆದೇ ಇರುತ್ತದೆ, ಬರೆದದ್ದನ್ನು ನಂಬಿ ಹತ್ತಲಾಗುವುದೇ, ಎಂದ.

ಊರಾಚೆ, ಮನೆಯವರು ಬಿಟ್ಟ ನಾಯಿಗಳನ್ನು ನೋಡಿಕೊಳ್ಳುವ ಒಬ್ಬ ಹೆಂಗಸಿದ್ದಳು. ತಂತಿ ಜಾಲರಿಯ ಸಾಲು ಗೂಡುಗಳು, ಫಿನಾಯಿಲ್ ವಾಸನೆ, ಕಿವಿ ಕಿತ್ತುಹೋಗುವ ಬೊಗಳಾಟ. ಆ ಗದ್ದಲದಲ್ಲಿ ಬೊಗಳದೆ ಕೂತಿದ್ದದ್ದು ಅದೊಂದೇ. ಜೇನು ಬಣ್ಣದ ಹೆಣ್ಣು ರಿಟ್ರೀವರ್, ಮುಖದ ಕೂದಲು ಆಗಲೇ ಅಲ್ಲಲ್ಲಿ ಬೆಳ್ಳಗಾಗಿತ್ತು. ಪುಟ್ಟಿ ಜಾಲರಿಯ ಹತ್ತಿರ ಹೋದದ್ದೇ ತಡ, ಬಾಯಲ್ಲಿ ಒಂದು ಹಳೇ ಚಪ್ಪಲಿ ಕಚ್ಚಿಕೊಂಡು ಬಂದು, ಅವಳಿಗೇ ತಂದಿಟ್ಟ ಉಡುಗೊರೆಯ ಹಾಗೆ ಮುಂದೆ ಇಟ್ಟಿತು. ಅಲ್ಲಿಗೆ ಪುಟ್ಟಿಯ ಕತೆ ಮುಗಿಯಿತು.

ಒಂದು ತಿಂಗಳು ಮನೆಯಲ್ಲಿಟ್ಟುಕೊಂಡು ನೋಡಬಹುದೇ ಎಂದು ಅಣ್ಣ ಕೇಳಿದ. ಆ ಹೆಂಗಸು ಗೂಡಿನ ಚಿಲಕ ತೆಗೆಯುತ್ತಾ ಹೇಳಿದಳು.

“ನೋಡಿ ಸರ್, ಇದು ಆಗಲೇ ಎರಡು ಮನೆಯಿಂದ ವಾಪಸ್ ಬಂದಿದೆ. ತಪ್ಪು ಇದರದ್ದಲ್ಲ. ಒಂದು ಮನೆಯಲ್ಲಿ ಕೂಸು ಹುಟ್ತು, ಇನ್ನೊಂದು ಮನೆಯವರು ಊರು ಬಿಟ್ರು. ಆದ್ರೆ ಮುಚ್ಚುಮರೆ ಯಾಕೆ, ಮೂರನೇ ಸಲ ಬಂದ್ರೆ ಇಟ್ಕೊಳ್ಳೋಕೆ ನನ್ನ ಹತ್ರ ಜಾಗ ಇಲ್ಲ. ಡಾಕ್ಟ್ರು ಸೂಜಿ ಹಾಕ್ತಾರೆ. ನಿದ್ದೆ ಬಂದ ಹಾಗೆ ಹೋಗಿಬಿಡುತ್ತೆ.”

ನ್ಯಾಯವಾಗಿದೆ ಎಂದ ಅಣ್ಣ. ಕಾರಿನಲ್ಲಿ ನಾಯಿ ಪುಟ್ಟಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿತ್ತು. ಅವಳು ನನ್ನ ಕಿವಿಯಲ್ಲಿ ಕೇಳಿದಳು.

“ಅತ್ತೆ, ಹೋಗಿಬಿಡುತ್ತೆ ಅಂದ್ರೆ ಸಾಯುತ್ತೆ ಅಂತಾನಾ?”

“ಹೂಂ.”

“ಹಾಗಾದ್ರೆ ಇದು ಪಾಸಾಗ್ಲೇಬೇಕು.”

ಹುಲಿಯ ಹೊಟ್ಟೆಯಲ್ಲಿ ಹುಲಿಯೇ ಹುಟ್ಟುವುದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಹುಟ್ಟಿದ ಮಗುವಿಗೆ ನಾಯಿಯನ್ನು ಸುಮ್ಮನೆ ಇಟ್ಟುಕೊಳ್ಳಬಹುದು ಎನ್ನುವುದೇ ಹೊಳೆಯಲಿಲ್ಲ. ನಾಯಿಗೆ ಹೆಸರಿಡಲೂ ಅಣ್ಣ ಬಿಡಲಿಲ್ಲ, ಎಲ್ಲ ಮುಗಿದ ಮೇಲೆ ನೋಡೋಣ ಎಂದ. ಹೀಗಾಗಿ ಅದು ನಮ್ಮ ಮನೆಯಲ್ಲಿ ‘ನಾಯಿ’ ಎಂದೇ ಇತ್ತು.

ಮೊದಲ ಪರೀಕ್ಷೆ ತಟ್ಟೆಯದು. ನಾಯಿ ತಿನ್ನುತ್ತಿರುವಾಗ ಅತ್ತಿಗೆ ತಟ್ಟೆ ಎಳೆದುಕೊಳ್ಳಬೇಕು. ಎಳೆದುಕೊಂಡರು. ನಾಯಿ ಕೂತು ತಟ್ಟೆಯನ್ನೂ ಅವರ ಮುಖವನ್ನೂ ನೋಡಿ ಬಾಲ ಅಲ್ಲಾಡಿಸಿತು. ಹೊಟ್ಟೆ ತುಂಬಿದ್ದಾಗ ಎಲ್ಲರೂ ಸಾಧುಗಳೇ ಎಂದ ಅಣ್ಣ. ಆಮೇಲೆ ಒಂದು ಹಗಲು ರಾತ್ರಿ ಅದಕ್ಕೆ ಏನೂ ಹಾಕದೆ, ಮರುದಿನ ತಟ್ಟೆ ತುಂಬ ಮಾಂಸ ಇಟ್ಟು, ಬಾಯಿ ಹಾಕುವಷ್ಟರಲ್ಲಿ ಎಳೆಸಿದ. ನಾಯಿ ಜೊಲ್ಲು ಸುರಿಸುತ್ತಾ ಹಾಗೆಯೇ ಕೂತಿತು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡುಗೆಮನೆಗೆ ಹೋದರು. ಅಣ್ಣ ತೃಪ್ತನಾದ ಹಾಗೆ ಕಂಡಿತು. ಆದರೆ ಅಂದಿನಿಂದ ಅತ್ತಿಗೆ ಪಕ್ಕದಲ್ಲಿದ್ದರೆ ನಾಯಿ ತಟ್ಟೆಗೆ ಬಾಯಿ ಹಾಕುವುದನ್ನು ಬಿಟ್ಟಿತು. ಅವರು ಕೈಯಾರೆ ಬಿಸ್ಕೆಟ್ಟು ಕೊಟ್ಟರೂ ಮುಖ ಆಚೆ ತಿರುಗಿಸುತ್ತಿತ್ತು.

ಎರಡನೆಯದು ನನ್ನ ಪಾಲಿಗೆ ಬಂತು. ಕಿವಿ ಮತ್ತು ಬಾಲ ಎಳೆಯಬೇಕು. ನಿನ್ನ ಮೂಗಿನ ತುದಿಯಲ್ಲೇ ಕೋಪ ಇರುತ್ತೆ, ನಿನ್ನ ಕೈಯೇ ಸರಿ ಎಂದು ಅಣ್ಣ ತಮಾಷೆ ಮಾಡಿದ. ನಾನು ಎಳೆದೆ. ನಾಯಿ ಮೂತಿಯನ್ನು ನನ್ನ ಅಂಗೈಗೆ ಒತ್ತಿತು. ಇನ್ನೂ ಸ್ವಲ್ಪ ಎಂದ. ಇನ್ನೂ ಸ್ವಲ್ಪ ಎಳೆದೆ. ಅದು ಪಾಸಾಗಲಿ, ಪುಟ್ಟಿಗೆ ಸಿಗಲಿ ಎನ್ನುವುದೊಂದೇ ನನ್ನ ತಲೆಯಲ್ಲಿತ್ತು. ಮಾರನೆಯ ದಿನ ನಾನು ಅಂಗಡಿಯಿಂದ ಬಂದಾಗ ನಾಯಿ ಎದ್ದು ಬರಲಿಲ್ಲ. ನಾನು ಸೋಫಾದಲ್ಲಿ ಕೂತರೆ ಗೋಡೆಗೆ ಮೈ ಉಜ್ಜಿಕೊಂಡು ಸುತ್ತುಹಾಕಿ ಹೋಗುತ್ತಿತ್ತು. ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಎರಡನ್ನೂ ಇಟ್ಟುಕೊಂಡು ಮಹಡಿ ಹತ್ತಿದೆ.

ಪುಟ್ಟಿಗೆ ಮಾತ್ರ ಇದಾವುದೂ ಲೆಕ್ಕಕ್ಕಿರಲಿಲ್ಲ, ಯಾಕೆಂದರೆ ನಾಯಿ ಅವಳದ್ದಾಗಿತ್ತು. ಅವಳ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಮಲಗುತ್ತಿತ್ತು. ಶಾಲೆಯ ಬಸ್ಸಿನ ಸದ್ದು ಬೀದಿಯ ತುದಿಯಲ್ಲಿ ಕೇಳಿದರೆ ಸಾಕು, ಸಿಕ್ಕ ಕಾಲುಚೀಲವನ್ನೋ ಪೊರಕೆಯನ್ನೋ ಬಾಯಲ್ಲಿ ಕಚ್ಚಿ ಗೇಟಿಗೆ ಓಡುತ್ತಿತ್ತು. ಪ್ರತಿ ಪರೀಕ್ಷೆ ಮುಗಿದ ಮೇಲೆ ಅವಳು ಅದರ ಕಿವಿಯಲ್ಲಿ, ಇದು ಪಾಸು, ಇನ್ನು ಸ್ವಲ್ಪವೇ ಇರುವುದು ಎಂದು ಹೇಳಿ ಬರುತ್ತಿದ್ದಳು.

ಮೂರನೆಯದು ಸದ್ದಿನದು. ನಾಯಿ ಮೆಟ್ಟಿಲು ಇಳಿಯುವಾಗ ಹಿಂದಿನಿಂದ ದೊಡ್ಡ ಸ್ಟೀಲ್ ತಟ್ಟೆ ಬೀಳಿಸಬೇಕು. ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತು ಎನ್ನುವ ಹಾಗೆ, ಅಣ್ಣ ಅತ್ತಿಗೆಗೆ ಹೇಳಿದ, ಅತ್ತಿಗೆ ನನಗೆ ಹೇಳಿದರು. ನಾನು ಆಗಲ್ಲ ಎಂದೆ. ಕೊನೆಗೆ ಅತ್ತಿಗೆಯೇ ಕಣ್ಣು ಮುಚ್ಚಿಕೊಂಡು ಬೀಳಿಸಿದರು. ನಾಯಿ ಬೆದರಿ ನೆಗೆಯಿತು, ಮುಂಗಾಲು ಮೆಟ್ಟಿಲ ಕಂಬಿಗೆ ಸಿಕ್ಕಿಕೊಂಡು ಒಂದು ಉಗುರು ಬುಡದ ತನಕ ಸೀಳಿಹೋಯಿತು. ಮೆಟ್ಟಿಲ ಮೇಲೆಲ್ಲಾ ರಕ್ತ. ಅಷ್ಟಾದರೂ ಅದು ಯಾರ ಮೇಲೂ ಗುರ್ರೆನ್ನಲಿಲ್ಲ, ಮೂರು ಕಾಲಲ್ಲಿ ಕುಂಟುತ್ತಾ ಪುಟ್ಟಿಯ ಹತ್ತಿರ ಹೋಗಿ ಆ ಕಾಲನ್ನು ಅವಳಿಗೆ ಎತ್ತಿ ಕೊಟ್ಟಿತು. ಅಪ್ಪಾ, ನೋಡಿ ಎಂದು ಅವಳು ಅಪ್ಪನ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರೂ ಇತ್ತು, ಹೆಮ್ಮೆಯೂ ಇತ್ತು.

ಬೀದಿಯ ಕೊನೆಯ ಪ್ರಾಣಿ ಡಾಕ್ಟರು ಪಟ್ಟಿ ಕಟ್ಟಿ, ಗಾಯ ಆರುವ ತನಕ ಆ ಕಾಲನ್ನು ಯಾರೂ ಮುಟ್ಟಬಾರದು, ಪ್ರಾಣ ಹೋಗುವಷ್ಟು ನೋವಿರುತ್ತದೆ ಎಂದು ಹೇಳಿ ಕಳಿಸಿದರು. ಬೇರೆ ಯಾರಾದರೂ ಆಗಿದ್ದರೆ ಆ ಮಾತಿನಲ್ಲಿ ಎಚ್ಚರಿಕೆ ಕೇಳಿಸುತ್ತಿತ್ತು. ಅಣ್ಣನಿಗೆ ಅವಕಾಶ ಕೇಳಿಸಿತು. ನೋವಿರುವಾಗ ಮಗುವಿನ ಕೈ ತಗುಲಿದರೆ ನಾಯಿ ಏನು ಮಾಡುತ್ತದೆ ಎನ್ನುವುದೇ ಅಸಲು ಪ್ರಶ್ನೆ, ಇಷ್ಟು ದಿನ ಕೇಳಿದ್ದೆಲ್ಲಾ ಪೀಠಿಕೆ ಎಂದು ಅವನು ಊಟದ ಮೇಜಿನಲ್ಲಿ ವಿವರಿಸಿದ.

“ಅದು ಕಚ್ಚಿದ್ರೆ?” ಎಂದೆ.

“ಕಚ್ಚಿದ್ರೆ ಈಗ್ಲೇ ಗೊತ್ತಾಗ್ಲಿ. ನಾನು ಪಕ್ಕದಲ್ಲೇ ಇರ್ತೀನಲ್ಲ.”

ಅತ್ತಿಗೆ ತಟ್ಟೆ ಬಿಟ್ಟು ಎದ್ದರು. ಮಗುವಿನ ಕೈಯಲ್ಲಿ ಇದನ್ನು ಮಾಡಿಸಬೇಡಿ ಎಂದು ಜೀವನದಲ್ಲಿ ಮೊದಲ ಸಲ ದನಿ ಎತ್ತಿದರು. ಅಣ್ಣ ಅವರನ್ನು ನೋಡಲೂ ಇಲ್ಲ, ಪುಟ್ಟಿಯನ್ನು ನೋಡಿದ. ಇದು ಕೊನೆಯದಾ ಎಂದು ಅವಳು ಕೇಳಿದಳು. ಕೊನೆಯದೇ ಎಂದ. ಹಾಗಾದರೆ ನಾನೇ ಆ ಕಾಲು ಒತ್ತುತ್ತೇನೆ, ಅದು ಕಚ್ಚಲ್ಲ ಎಂದಳು ಹುಡುಗಿ. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಅನ್ನುವುದು ಕೇಳಿದ್ದೆ. ಇಲ್ಲಿ ಬೆಕ್ಕು ಆಟವನ್ನೂ ಇಲಿಯ ಕೈಲೇ ಆಡಿಸುತ್ತಿತ್ತು.

ಭಾನುವಾರ ಬೆಳಿಗ್ಗೆ ನಡುಮನೆಯಲ್ಲಿ ಕಿಟಕಿಯ ಬಿಸಿಲು ಬಿದ್ದ ಕಡೆ ನಾಯಿ ಮಲಗಿತ್ತು. ಪುಟ್ಟಿ ಹೋಗಿ ಪಕ್ಕದಲ್ಲಿ ಕೂತಾಗ ಬಾಲದಿಂದ ನೆಲ ಬಡಿಯಿತು, ಕಾಲು ಕೊಡು ಎಂದಾಗ ಪಟ್ಟಿ ಕಟ್ಟಿದ ಕಾಲನ್ನೇ ಕೊಟ್ಟಿತು. ಅಣ್ಣ ಎರಡು ಹೆಜ್ಜೆ ದೂರದಲ್ಲಿ ಕೈಕಟ್ಟಿ ನಿಂತಿದ್ದ.

“ಒತ್ತು.”

ಅವಳು ಒತ್ತಿದಳು. ನಾಯಿ ಕುಂಯ್ ಎಂದು ಅವಳ ಮುಖ ನೋಡಿತು. ತಿಳಿಯದೆ ಆಯಿತೇನೋ ಎಂದು ಅದಕ್ಕೆ ಅನ್ನಿಸಿರಬೇಕು, ಅವಳ ಮಣಿಕಟ್ಟು ನೆಕ್ಕಿತು.

“ಗಟ್ಟಿಯಾಗಿ.”

“ಸ್ವಲ್ಪ ತಡ್ಕೋ,” ಎಂದು ಅವಳು ನಾಯಿಯ ಕಿವಿಯಲ್ಲಿ ಹೇಳಿದಳು. “ಇದೊಂದೇ. ಇದಾದ್ಮೇಲೆ ನೀನು ಇಲ್ಲೇ.” ಎರಡೂ ಹೆಬ್ಬೆರಳು ಸೇರಿಸಿ ಒತ್ತಿದಳು. ಪಟ್ಟಿ ಕೆಂಪಾಯಿತು. ನಾಯಿ ಕೂಗಿದ ಕೂಗು ನಾಯಿಯದ್ದಾಗಿರಲಿಲ್ಲ. ನಾನು ಸಾಕು ಎಂದು ಹೋಗಿ ಅವಳ ಭುಜ ಹಿಡಿದೆ, ಅವಳು ನನ್ನನ್ನು ಕೊಡವಿಕೊಂಡಳು. ಈಗ ನಿಲ್ಲಿಸಿದರೆ ಇಷ್ಟೂ ವ್ಯರ್ಥ ಎನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಇನ್ನೂ, ಎಂದ ಅಣ್ಣ. ಅವಳು ಹಲ್ಲು ಕಚ್ಚಿ ಒತ್ತಿದಳು. ನಾಯಿಯ ಬಾಯಿ ತೆರೆಯಿತು, ಅವಳ ಕೈಯ ಹತ್ತಿರದ ತನಕ ಬಂತು, ಹಾಗೆಯೇ ಮುಚ್ಚಿಕೊಂಡಿತು. ಅದು ಮಲಗಿದಲ್ಲೇ ಉಚ್ಚೆ ಹೊಯ್ದುಕೊಂಡಿತ್ತು.

“ಪಾಸು,” ಎಂದ ಅಣ್ಣ.

ಪುಟ್ಟಿ ಕಿರುಚಿ ನಾಯಿಯ ಕುತ್ತಿಗೆ ತಬ್ಬಿಕೊಂಡಳು. ಅದು ಮರದ ಕೊರಡಿನ ಹಾಗೆ ಬಿಗಿದುಕೊಂಡಿತ್ತು. ಸಂತೋಷದಲ್ಲಿ ಅವಳಿಗೆ ಅದು ಗೊತ್ತಾಗಲಿಲ್ಲ.

ಸಂಜೆ ಗೊತ್ತಾಯಿತು. ಅವಳು ಕರೆದರೆ ನಾಯಿ ಬರಲಿಲ್ಲ. ಹುಡುಕಿದರೆ ವಾಷಿಂಗ್ ಮೆಷೀನಿನ ಹಿಂದೆ ಮುದುಡಿಕೊಂಡಿತ್ತು. ಬಿಸ್ಕೆಟ್ಟು ಚಾಚಿದಳು, ಇನ್ನೂ ಹಿಂದಕ್ಕೆ ಸರಿಯಿತು. ಬಸ್ಸಿನ ಸದ್ದಿಗೆ ಗೇಟಿಗೆ ಓಡುತ್ತಿದ್ದ ನಾಯಿ ಈಗ ಅದೇ ಸದ್ದಿಗೆ ಒಳಗೆ ಓಡತೊಡಗಿತು. ಪುಟ್ಟಿ ನೆಲದ ಮೇಲೆ ಕೂತು, ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು, ನೋಡು ನಾನೇನೂ ಮಾಡಲ್ಲ ಎಂದು ಮೆಷೀನಿನ ಸಂದಿಗೆ ಹೇಳುತ್ತಿದ್ದಳು. ಶಾಲೆಯ ಪಾಠವನ್ನು ಅಲ್ಲಿಯೇ ಗಟ್ಟಿಯಾಗಿ ಓದುತ್ತಿದ್ದಳು. ಅವಳ ದನಿ ಕೇಳಿದಷ್ಟು ಹೊತ್ತೂ ಅದು ನಡುಗುತ್ತಿತ್ತು. ಅತ್ತಿಗೆ ಒಂದು ದಿನ ಅವಳನ್ನು ಎತ್ತಿಕೊಂಡು ಹೋಗಬೇಕಾಯಿತು.

ಅಣ್ಣ ಇದನ್ನೆಲ್ಲಾ ಕೆಲವು ದಿನ ನೋಡಿದ. ತಿಂಗಳು ತುಂಬುವ ಮೊದಲೇ ತೀರ್ಮಾನ ಹೇಳಿದ.

“ಮಕ್ಕಳನ್ನ ಕಂಡ್ರೆ ಹೆದರೋ ನಾಯಿ ಮನೆಗೆ ತಕ್ಕ ನಾಯಿ ಅಲ್ಲ. ಹೆದರಿದ ಪ್ರಾಣಿ ಇವತ್ತಲ್ಲ ನಾಳೆ ಕಚ್ಚುತ್ತೆ. ವಾಪಸ್ ಕೊಡೋಣ.”

“ನೀವು ಪಾಸು ಅಂದಿದ್ರಿ,” ಎಂದಳು ಪುಟ್ಟಿ. ಅವಳ ದನಿ ತೀರಾ ಸಣ್ಣದಾಗಿತ್ತು.

“ಆ ಪರೀಕ್ಷೆ ಪಾಸು. ಒಟ್ಟಾರೆ ಫೇಲ್.”

ನನಗೆ ತಡೆಯಲಾಗಲಿಲ್ಲ. ಅದನ್ನು ಹೆದರಿಸಿದ್ದು ಯಾರು, ಕಾಲು ಒತ್ತಿಸಿದ್ದು ಯಾರು, ಆ ಮಗುವಿನ ಮುಂದೆ ನಿನಗೆ ನಾಚಿಕೆ ಆಗುವುದಿಲ್ಲವೇ ಎಂದು ಬಾಯಿಗೆ ಬಂದದ್ದನ್ನೆಲ್ಲಾ ಅಂದೆ. ಅಣ್ಣ ಕೋಪ ಮಾಡಿಕೊಳ್ಳಲಿಲ್ಲ. ಅವನಿಗೆ ಕೋಪ ಬರುವುದಿಲ್ಲ, ಬಂದಿದ್ದರೆ ನಮಗೆ ಎಷ್ಟೋ ಸುಲಭವಾಗುತ್ತಿತ್ತು.

“ನಾನು ಅದನ್ನ ಒಂದು ಸಲ ಮುಟ್ಟೂ ಇಲ್ಲ,” ಎಂದ.

ಅದು ನಿಜ. ನಾನು ಎಷ್ಟು ಯೋಚಿಸಿದರೂ ಅದು ನಿಜವೇ ಆಗಿತ್ತು. ನಾಯಿಯನ್ನು ನಾನೇ ಸಾಕುತ್ತೇನೆ, ಮಹಡಿಯಿಂದ ಕೆಳಗೆ ಬಿಡುವುದಿಲ್ಲ ಎಂದೆ. ಮನೆ ನನ್ನದು ಎಂದ, ಅದೂ ನಿಜ. ಅಂಗಡಿಯಲ್ಲಿ ಕನ್ನಡಕಕ್ಕೆ ಬಂದವರನ್ನೆಲ್ಲಾ ನಾಯಿ ಸಾಕುತ್ತೀರಾ ಎಂದು ಕೇಳಿದೆ. ಬಸ್ಸು ಓಡಿಸಿ ನಿವೃತ್ತನಾದ ಒಬ್ಬ ಮುದುಕ ಒಪ್ಪಿ, ಮೊಮ್ಮಗಳನ್ನು ಕರೆದುಕೊಂಡು ನೋಡಲು ಬಂದ. ಮೊಮ್ಮಗಳು ಒಳಗೆ ಕಾಲಿಟ್ಟದ್ದೇ ನಾಯಿ ಸೋಫಾದ ಕೆಳಗೆ ನುಗ್ಗಿ ಅಲ್ಲೇ ಒದ್ದೆ ಮಾಡಿಕೊಂಡಿತು. ತಪ್ಪು ತಿಳಿಯಬೇಡಿ, ಮನೆಯಲ್ಲಿ ಮಗು ಇದೆ ಎಂದು ಆ ಮುದುಕ ಕೈಮುಗಿದು ಹೋದ. ಅವನದ್ದೇನು ತಪ್ಪು.

ವಾಪಸ್ ಕೊಡುವ ದಿನ ಪುಟ್ಟಿ ತಾನೂ ಬರುತ್ತೇನೆ ಎಂದು ಮೊದಲ ಸಲ ಹಟ ಹಿಡಿದಳು. ಹೀಗಾಗಿ ಎಲ್ಲರೂ ಹೋದೆವು. ನಾಯಿಗಳ ಹೆಂಗಸು ನಮ್ಮನ್ನು ಬೈಯಲಿಲ್ಲ. ಕೂತು ನಾಯಿಯ ಕಾಲು ನೋಡಿದಳು, ಆಮೇಲೆ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ಮಗುವನ್ನು ಕಂಡರೆ ಹೆದರುತ್ತದೆ ಎಂದು ಅಣ್ಣ ಕಾರಣ ಹೇಳಿದ. ಇಲ್ಲಿಂದ ಹೋಗುವಾಗ ಹೀಗಿರಲಿಲ್ಲ ಎಂದಳು ಅವಳು, ಅಷ್ಟೇ. ಇಂಥ ನಾಯಿಯನ್ನು ಇನ್ನು ಯಾವ ಮನೆಗೆ ಕೊಡಲಿ ಎಂದು ತನಗೇ ಹೇಳಿಕೊಂಡು ಡಾಕ್ಟರನ್ನು ಕರೆಯಲು ಹೋದಳು. ನಾನು ಹಿಂದೆಯೇ ಹೋಗಿ ಇನ್ನು ಸ್ವಲ್ಪ ದಿನ ಇಟ್ಟುಕೊಳ್ಳಿ ಎಂದು ಬೇಡಿದೆ. ಅವಳು ಗೂಡುಗಳ ಸಾಲು ತೋರಿಸಿದಳು. ಒಂದೊಂದರಲ್ಲೂ ಎರಡೆರಡು ನಾಯಿಗಳಿದ್ದವು.

ಸಣ್ಣ ಕೋಣೆ, ನೆಲದ ಮೇಲೆ ಹಳೇ ಕಂಬಳಿ. ಅಲ್ಲಿಯ ಡಾಕ್ಟರ್ ವಯಸ್ಸಿನಲ್ಲಿ ಚಿಕ್ಕವರು, ಯಾರ ಮುಖವನ್ನೂ ನೋಡದೆ ಸೂಜಿಗೆ ಔಷಧಿ ತುಂಬಿಸಿಕೊಂಡರು.

“ಮನೆಯವರು ಯಾರಾದ್ರೂ ತಲೆ ಹಿಡ್ಕೊಂಡ್ರೆ ಒಳ್ಳೇದು,” ಎಂದರು. “ಅದಕ್ಕೆ ಧೈರ್ಯ ಇರುತ್ತೆ.”

“ನಾನು ಹಿಡ್ಕೋತೀನಿ,” ಎಂದಳು ಪುಟ್ಟಿ.

ಬೇಡ ಅನ್ನುವಷ್ಟರಲ್ಲಿ ಅವಳು ಮಂಡಿಯೂರಿ ಕೂತಿದ್ದಳು. ನಾಯಿ ಹಿಂದೆ ಹಿಂದೆ ಸರಿಯುತ್ತಾ ಗೋಡೆಗೆ ಅಂಟಿಕೊಂಡಿತು. ಅವಳು ಅಲ್ಲೇ ಕೂತು ಬಾ ಬಾ ಎನ್ನುತ್ತಿದ್ದಳು. ನಾನು ಕೈ ಚಾಚಿದೆ, ಕಿವಿ ಎರಡನ್ನೂ ತಲೆಗೆ ಒತ್ತಿಕೊಂಡಿತು. ಅತ್ತಿಗೆ ಬಿಸ್ಕೆಟ್ಟು ಹಿಡಿದರು. ಅದು ಬಿಸ್ಕೆಟ್ಟನ್ನೂ ನೋಡಿತು, ಹಿಡಿದ ಕೈಯನ್ನೂ ನೋಡಿತು, ಕಣ್ಣು ಆಚೆ ತಿರುಗಿಸಿತು. ಆಮೇಲೆ ಮೂರು ಕಾಲಲ್ಲಿ ಕುಂಟುತ್ತಾ, ನಮ್ಮ ಮೂವರನ್ನೂ ದೂರದಿಂದ ಬಳಸಿಕೊಂಡು, ಬಾಗಿಲ ಹತ್ತಿರ ಕೈಕಟ್ಟಿ ನಿಂತಿದ್ದ ಅಣ್ಣನ ಬಳಿ ಹೋಗಿ ಅವನ ಬೂಟಿನ ಮೇಲೆ ಗದ್ದ ಇಟ್ಟು ಮಲಗಿತು. ಬಾಲ ಅಲ್ಲಾಡಿಸಿತು. ಆ ಮನೆಯಲ್ಲಿ ತನಗೆ ನೋವು ಮಾಡದ ಒಂದೇ ಜೀವ ಅದಕ್ಕೆ ಸಿಕ್ಕಿತ್ತು.

ಅಣ್ಣ ಕೂತು, ಮೊದಲ ಸಲ ಅದನ್ನು ಮುಟ್ಟಿದ. ಅವನ ಕೈ ಮೃದುವಾಗಿತ್ತು ಎಂದು ಹೇಳಲು ನನ್ನ ಹೊಟ್ಟೆ ಉರಿಯುತ್ತದೆ, ಆದರೆ ಮೃದುವಾಗಿಯೇ ಇತ್ತು. ತಲೆ ಸವರುತ್ತಾ ಹೋದ, ನಾಯಿ ಕಣ್ಣು ಮುಚ್ಚಿಕೊಂಡು ನಿಟ್ಟುಸಿರು ಬಿಟ್ಟಿತು. ಡಾಕ್ಟರು ತಮ್ಮ ಕೆಲಸ ಮುಗಿಸಿದರು. ಪುಟ್ಟಿ ಕೂತಲ್ಲಿಂದಲೇ ಎಲ್ಲವನ್ನೂ ನೋಡಿದಳು.

ಹೊರಗೆ ನಲ್ಲಿಯಲ್ಲಿ ಅಣ್ಣ ಕೈ ತೊಳೆದುಕೊಂಡ. ಕರವಸ್ತ್ರದಿಂದ ಬೆರಳು ಒರೆಸಿಕೊಳ್ಳುತ್ತಾ ಮಗಳ ಹತ್ತಿರ ಬಂದ. ಅವನ ಮುಖದಲ್ಲಿ ನಿಜವಾದ ಬೇಸರ ಇತ್ತು, ಅದು ನಾಟಕವಾಗಿರಲಿಲ್ಲ.

“ನೋಡಿದ್ಯಾ ಪುಟ್ಟಿ, ನನ್ನ ಹತ್ರ ಎಷ್ಟು ಚೆನ್ನಾಗಿತ್ತು. ನೀವೆಲ್ಲ ಅದನ್ನ ಸರಿಯಾಗಿ ನೋಡ್ಕೊಂಡಿದ್ರೆ ಇವತ್ತು ಮನೆಯಲ್ಲಿರ್ತಿತ್ತು.”

ನಾನು ಬಾಯಿ ತೆರೆಯುವ ಮೊದಲೇ ಅವಳು ಮಾತಾಡಿದಳು.

“ತಪ್ಪಾಯ್ತಪ್ಪ.”

ಇರಲಿ ಬಿಡು, ಎಂದು ಅಣ್ಣ ಅವಳ ತಲೆ ಸವರಿದ.